ಬುರುಲಳ ಬಾಯಿಂದ ಹೋದ ಕುರಿಮರಿ

ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಚಹಾ ಬಸಿಯಲು ಕುಳಿತಿದ್ದ ಬುರುಲಳಿಗೆ ಅವಳ ಅತ್ತೆ ಈ ಮನೆಯಲ್ಲಿ ಯಾವ ಮಾತು ಆಡಬಾರದು ಎಂಬುದನ್ನು ತಿಳಿಸಿದಳು. ಮಾವನ ಹೆಸರು ಕೊಜುಬೆಕ್. ಸೊಸೆಯಾದವಳು ಆ ಹೆಸರು ಎತ್ತಬಾರದು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ; ಬುರುಲಳ ತಾಯಿಯೂ ತನ್ನ ಮಾವನ ಹೆಸರನ್ನು ಎತ್ತದೆಯೇ ಬಾಳಿದವಳು. ತೊಡಕಿದ್ದದ್ದು ಬೇರೆ ಕಡೆ. ಕಿರ್ಗಿಜ್ ಮಾತಿನಲ್ಲಿ ಕೊಜು ಎಂದರೆ ಕುರಿಮರಿ. ಹೆಸರನ್ನು ಬಿಟ್ಟರೆ ಸಾಲದು, ಹೆಸರಿನೊಳಗೆ ಕುಳಿತಿದ್ದ ಆ ಪ್ರಾಣಿಯನ್ನೂ ಬಾಯಿಂದ ಬಿಡಬೇಕಿತ್ತು.

"ಹಾಗಾದ್ರೆ ಹಟ್ಟೀಲಿರೋದನ್ನ ಏನಂತ ಕರೀಲಿ, ಎನೆ?" ಎಂದು ಬುರುಲ್ ಕೇಳಿದಳು. ಅತ್ತೆಯನ್ನು ಎನೆ ಎಂದೂ ಮಾವನನ್ನು ಆತಾ ಎಂದೂ ಕರೆಯುವುದನ್ನು ಹಿಂದಿನ ಸಂಜೆಯೇ ಕಲಿತಾಗಿತ್ತು.

"ಮಾರಾಮ ಅನ್ನು. ನಾನು ಈ ಮನೇಗೆ ಬಂದಾಗಿಂದ ಹಾಗೇ ಅನ್ನೋದು. ನನ್ನ ಬಾಯೇನು ಸವೆದು ಹೋಯ್ತಾ?"

ಮಾರಾಮ, ಅಂದರೆ 'ಮಾ' ಎಂದು ಕೂಗುವಂಥದ್ದು. ಕುರಿಮರಿಗೆ ಅದಕ್ಕಿಂತ ಬಡ ಹೆಸರನ್ನು ಯಾರಾದರೂ ಹುಡುಕಬಲ್ಲರೇ ಎಂದು ಬುರುಲ್ ಆಗ ಯೋಚಿಸಲಿಲ್ಲ. ಹತ್ತೊಂಬತ್ತರ ಹುಡುಗಿ; ಹೊಸ ಮನೆ, ಹೊಸ ಮುಖಗಳು, ಹೊಸ ಬಟ್ಟಲುಗಳು. ಒಂದು ಮಾತು ಬದಲಾದರೆ ಏನಾಯಿತು ಎಂದುಕೊಂಡಳು.

ಆದರೆ ಆ ಒಂದು ಮಾತಿನಲ್ಲಿ ಅವಳ ಹುಡುಗಿತನ ಪೂರ್ತಿ ಇತ್ತು. ನಾರಿನ್ ಕಡೆಯ ಬೆಟ್ಟದಲ್ಲಿ ಕುರಿ ಕಾಯುವವನ ಮಗಳು ಅವಳು. ಮರಿ ಹಾಕುವ ಕಾಲದಲ್ಲಿ ಹೊರಗೆ ಇನ್ನೂ ಹಿಮ ಇರುತ್ತಿತ್ತು; ಬಡಕಲಾದವುಗಳನ್ನು ಅಪ್ಪ ಕೋಟಿನೊಳಗೆ ಹುದುಗಿಸಿ ತಂದು ಒಲೆಯ ಪಕ್ಕಕ್ಕೆ ಬಿಡುತ್ತಿದ್ದ. ಅವು ನಡುಗುವ ಕಾಲಿನ ಮೇಲೆ ನಿಲ್ಲುವುದನ್ನು, ಬಿದ್ದು ಮತ್ತೆ ನಿಲ್ಲುವುದನ್ನು, ಬೆರಳನ್ನೇ ಮೊಲೆಯೆಂದು ಚೀಪುವುದನ್ನು ನೋಡುತ್ತ ಬುರುಲ್ ನಿದ್ದೆ ಬಿಡುತ್ತಿದ್ದಳು. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಹೋದರೆ ಇಳಿಜಾರಿನ ಈಚೆ ನಿಂತು 'ಕೊಜು, ಕೊಜು, ಕೊಜು' ಎಂದು ಕೂಗುವುದು ಅವಳ ಕೆಲಸ. ಆ ಕೂಗಿಗೆ ಮರಿಗಳು ಹುಲ್ಲಿನಿಂದ ಚೆಂಡಿನಂತೆ ಪುಟಿದು ಬರುತ್ತಿದ್ದವು. ಅಷ್ಟು ದೂರದ ಜೀವಗಳು ತನ್ನ ಬಾಯಿಯ ಒಂದು ಸದ್ದಿಗೆ ಓಡಿ ಬರುವುದೆಂದರೇನು ಎಂಬ ಬೆರಗು ಆ ಹುಡುಗಿಗೆ ಕಡೆತನಕ ತೀರಿರಲಿಲ್ಲ.

ಅದೇ ಗಂಟಲು ಮುಂದೆ ಅವಳಿಗೆ ಅನ್ನ ಕೊಟ್ಟಿತು. ಗಂಡ ಎಸೆನ್ ಮನೆಗೆ ಕೊನೆಯ ಮಗ. ಕೊನೆಯ ಮಗನ ಮನೆಯೇ ಹೆತ್ತವರ ಮನೆ. ಅವನು ಬಾಡಿಗೆ ವ್ಯಾನು ಓಡಿಸಲು ಬಿಶ್ಕೆಕ್ ನಗರಕ್ಕೆ ಬಂದಾಗ ಅತ್ತೆ ಮಾವಂದಿರೂ ಜೊತೆಗೆ ಬಂದು ಊರಂಚಿನ ಹೊಸ ಬಡಾವಣೆಯಲ್ಲಿ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಕೊಂಡರು. ಬುರುಲ್ ಒಂದು ಬೊಂಬೆಯಾಟದ ತಂಡಕ್ಕೆ ಸೇರಿದಳು. ಸೊಸೆ ನಾಟಕದವಳಾಗುವುದು ಮಾವನಿಗೆ ಅಷ್ಟು ಹಿಡಿಸಿರಲಿಲ್ಲ. ಪರದೆಯ ಹಿಂದೆ ಕುಳಿತಿರುತ್ತಾಳೆ, ಮುಖ ಯಾರಿಗೂ ಕಾಣಿಸುವುದಿಲ್ಲ ಎಂದು ಎಸೆನ್ ವಿವರಿಸಿದ ಮೇಲೆ, "ಮುಖ ಕಾಣ್ಸದಿದ್ರೆ ಸರಿ. ಕಾಗೆ ಥರ ಕೂಗಿದ್ರೂ ಕೂಗ್ಕೊಳ್ಲಿ" ಎಂದು ಮಾವ ಒಪ್ಪಿಗೆ ಕೊಟ್ಟ.

ಅವಳು ಕಾಗೆಯಾಗಿ ಕೂಗಿದಳು, ನರಿಯಾದಳು, ಒಂಟೆಯಾದಳು, ಹಲ್ಲುನೋವು ಬಂದ ಡ್ರ್ಯಾಗನ್ ಆದಳು. ಕುರಿಮರಿ ಮಾತ್ರ ಆಗಲಿಲ್ಲ. ತಂಡಕ್ಕೆ ಅವಳ ಕಷ್ಟ ಗೊತ್ತಿತ್ತು. ಕುರಿಮರಿ ಬರುವ ಆಟಗಳಲ್ಲೆಲ್ಲ ಬೊಂಬೆಗೆ ಎರಡು ಕೊಂಬು ಅಂಟಿಸಿ ಆಡಿನಮರಿ ಮಾಡುತ್ತಿದ್ದರು. ಅದು ತಂಡದೊಳಗೆ ಒಂದು ತಮಾಷೆಯಾಗಿ ಉಳಿದಿತ್ತು. ಬುರುಲ್ ಕೂಡ ನಗುತ್ತಿದ್ದಳು.

ನಗು ಬಾರದೆ ಹೋದದ್ದು ಒಂದೇ ಸಲ. ಮಗಳು ಬೇಗಿಮಾಯ್ ಒಂದನೇ ತರಗತಿಯಿಂದ ಅಳುತ್ತ ಬಂದಳು. ಟೀಚರು ಚಿತ್ರ ತೋರಿಸಿ ಇದೇನೆಂದು ಕೇಳಿದಾಗ ಮಗು ಗಟ್ಟಿಯಾಗಿ 'ಮಾರಾಮ' ಎಂದಿತ್ತು. ತರಗತಿಗೆ ತರಗತಿಯೇ ನಕ್ಕಿತ್ತು.

"ಅದರ ಹೆಸರು ಕೊಜು ಅಂತೆ. ನೀನ್ಯಾಕೆ ನಂಗೆ ಹೇಳಿಲ್ಲ?" ಎಂದು ಬೇಗಿಮಾಯ್ ಕೇಳಿದಳು.

ಅಜ್ಜ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿದ: ನನ್ನ ಮರ್ಯಾದೆ ಈ ಮನೇಲಿ ಮೊಮ್ಮಕ್ಕಳ ನಾಲಿಗೆ ತನಕ ಇಳಿದಿದೆ ನೋಡ್ರಪ್ಪ ಎಂದು.

ಬುರುಲಳಿಗೆ ನಲವತ್ತಾರಾದ ವರ್ಷ ತಿಲೆಕ್ ಎಂಬ ತರುಣ ನಿರ್ದೇಶಕ ಅವಳನ್ನು ಹುಡುಕಿಕೊಂಡು ಬಂದ. ಪರದೇಶದ ಒಂದು ಕುಟುಂಬ ಚಿತ್ರಕ್ಕೆ ಕಿರ್ಗಿಜ್ ದನಿ ಕೂಡಿಸುವ ಕೆಲಸ ಅವನ ಕೈಗೆ ಬಂದಿತ್ತು. ಕಥೆ ಸರಳ. ಸೇತುವೆ ಕಟ್ಟುವ ಎಂಜಿನಿಯರ್ ಒಬ್ಬ, ಹೆಂಡತಿ ಮಕ್ಕಳೊಡನೆಯೂ ಅಳತೆಪಟ್ಟಿ ಹಿಡಿದು ಮಾತಾಡುವಂಥವನು, ಸತ್ತ ತಾಯಿಯ ಕಪಾಟು ಖಾಲಿ ಮಾಡುವಾಗ ಅವನಿಗೆ ಬಾಲ್ಯದ ಬಟ್ಟೆಯ ಕುರಿಮರಿ ಸಿಗುತ್ತದೆ, ಅದು ಮಾತಾಡತೊಡಗುತ್ತದೆ, ಅವನು ಮೆಲ್ಲಗೆ ಮತ್ತೆ ಹುಡುಗನಾಗುತ್ತಾನೆ. ಆ ಕುರಿಮರಿಯ ದನಿ ಬುರುಲಳದಾಗಬೇಕಿತ್ತು. ಕೊಂಬು ಅಂಟಿಸುವ ಉಪಾಯ ಇಲ್ಲಿ ನಡೆಯದು. ಪರದೆಯ ಮೇಲೆ ಇರುವುದು ಕುರಿಮರಿಯೇ, ಹಾಳೆಯಲ್ಲಿ ಬರೆದಿದ್ದದ್ದೂ ಕೊಜು ಎಂದೇ. ಮನೆಯಿಂದ ಇಷ್ಟು ದೂರದಲ್ಲಿ, ಗೋಡೆಗೆಲ್ಲ ಸ್ಪಂಜು ಬಡಿದ ಧ್ವನಿಮುದ್ರಣದ ಕೋಣೆಯೊಳಗೆ ಯಾರು ಕೇಳುತ್ತಾರೆ, ಮುಂದೆ ಪರದೆಯ ಮೇಲೆ ಬಂದರೂ ಅದು ಬೊಂಬೆಯ ಮಾತಲ್ಲವೇ ಎಂದು ಅವಳು ಒಪ್ಪಿಕೊಂಡಳು.

ಮೊದಲ ದೃಶ್ಯದಲ್ಲಿ ಕಪಾಟಿನೊಳಗಿನಿಂದ ಕುರಿಮರಿ ಹೇಳಬೇಕು: "ನಾನು ಕಣೋ, ನಿನ್ನ ಕೊಜು." ಬುರುಲ್ ಹಾಳೆ ನೋಡಿಯೇ ಓದಿದಳು. ಗಾಜಿನ ಆಚೆ ತಿಲೆಕ್ ಕೈ ಎತ್ತಿ ನಿಲ್ಲಿಸಿದ.

"ಅಕ್ಕ, ಈಗ ಏನಂದ್ರಿ?"

"ಬರೆದದ್ದನ್ನೇ ಅಂದೆ."

"ಇಲ್ಲ. ಇನ್ನೇನೋ ಅಂದ್ರಿ. ಕೇಳಿ."

ಅವನು ಧ್ವನಿಮುದ್ರಣವನ್ನು ಹಿಂದಕ್ಕೆ ತಿರುಗಿಸಿ ಕೇಳಿಸಿದ. ಬುರುಲಳ ಕಿವಿಗೆ ಅವಳದೇ ದನಿ ಬಿತ್ತು: ನಾನು ಕಣೋ, ನಿನ್ನ ಮಾರಾಮ. ಕಣ್ಣು ಒಂದನ್ನು ಓದಿತ್ತು, ನಾಲಿಗೆ ಇನ್ನೊಂದನ್ನು ಆಡಿತ್ತು. ನಡುವೆ ಏನಾಯಿತೆಂಬುದು ಅವಳಿಗೆ ತಿಳಿಯಲೇ ಇಲ್ಲ.

"ಎಂಥ ಮಾತು ಅಕ್ಕ ಇದು," ಎಂದು ತಿಲೆಕ್ ಕೋಣೆಯೊಳಗೇ ಬಂದುಬಿಟ್ಟ. "ಯಾವ ಮಗು ಹುಟ್ಟಿಸಿದ್ದು? ಹೆಸರು ಗೊತ್ತಿಲ್ಲದ ಮಗು ಕುರಿಮರೀನ ಮೊದಲ ಸಲ ನೋಡಿದ್ರೆ ಹೀಗೇ ಕರೀಬೇಕು. ಈ ಸಿನಿಮಾ ಇರೋದೇ ಇದರ ಬಗ್ಗೆ."

"ಮನೇಲಿ ಹಾಗನ್ನೋ ರೂಢಿ," ಎಂದಳು ಬುರುಲ್. ನಾಚಿಕೆಯಲ್ಲಿ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ತಿಲೆಕ್ ಆ ದಿನವೇ ಹಾಳೆಗಳಲ್ಲೆಲ್ಲ ಕೊಜು ಹೊಡೆದುಹಾಕಿ ಮಾರಾಮ ಎಂದು ಬರೆಸಿದ.

ಬಿಡುಗಡೆಗೆ ಮುಂಚೆಯೇ ಚಿತ್ರದ ತುಣುಕೊಂದು ಫೋನುಗಳಲ್ಲಿ ಹರಿದಾಡಿತು. ಮಕ್ಕಳು ಬೀದಿಯಲ್ಲಿ 'ನಾನು ಕಣೋ, ನಿನ್ನ ಮಾರಾಮ' ಎಂದು ಕಿರುಚತೊಡಗಿದರು. ಮಾರಾಮ ಹೆಸರಿನ ಮಿಠಾಯಿ ಬರುತ್ತದಂತೆ ಎಂದೂ ಸುದ್ದಿಯಾಯಿತು. ಟಿವಿಯಲ್ಲಿ ತಿಲೆಕ್ ಮಾತಾಡಿದ: ದೊಡ್ಡವರಾದ ನಾವು ಕಳೆದುಕೊಂಡಿರುವ ಬೆರಗು ಈ ಒಂದು ಮಾತಿನಲ್ಲಿದೆ, ಮಗುವಿನ ನಾಲಿಗೆಯೇ ಜಗತ್ತಿಗೆ ಮೊದಲ ಸಲ ಹೆಸರಿಟ್ಟ ಹಾಗಿದೆ.

ಬುರುಲ್ ಆಗ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. ಮಗುವಿನ ನಾಲಿಗೆಯೇ? ತನ್ನ ಮಗುವಿನ ನಾಲಿಗೆ ಆ ಮಾತಿಗೆ ಶಾಲೆಯಲ್ಲಿ ಪಟ್ಟ ಪಾಡು ಈ ಮನುಷ್ಯನಿಗೆ ಗೊತ್ತೇ? ಇದು ಮಗು ಕಟ್ಟಿದ ಮಾತಲ್ಲ. ಬಾಯಿ ಕಟ್ಟಿಸಿಕೊಂಡ ಹೆಂಗಸರು, ಒಬ್ಬಳಾದ ಮೇಲೊಬ್ಬಳು, ಒಲೆಯ ಮುಂದೆ ಕುಳಿತು ಹೊಂದಿಸಿಕೊಂಡ ಮಾತು. ಬೇಲಿ ತಪ್ಪಿಸಲು ಹಿಡಿದ ಸುತ್ತುದಾರಿಯನ್ನೇ ಇವನು ಹೂದೋಟ ಎನ್ನುತ್ತಿದ್ದಾನೆ.

ಅದೇ ವಾರ ಮನೆಯಲ್ಲಿ ಕುರಿ ಕೊಯ್ದು ನೆಂಟರನ್ನು ಕರೆದಿದ್ದರು. ತಟ್ಟೆಗಳು ಬಂದ ಮೇಲೆ ಮಾವನ ಓರಗೆಯ ಮುದುಕನೊಬ್ಬ ಎಲ್ಲರೂ ಕೇಳುವಂತೆ ಹೇಳಿದ:

"ಕೊಜುಬೆಕ್, ನಿನ್ನ ಸೊಸೆ ಭಲೇ ಗಟ್ಟಿಗಿತ್ತಿ ಕಣಯ್ಯ. ಈಗಿನ ಹುಡುಗೀರು ಮಾವನ ಹೆಸರು ಹಿಡಿದು ಕೂಗಿ ಚಹಾಕ್ಕೆ ಕರೀತಾವೆ. ಇವಳು ಮೈಕಿನ ಮುಂದೆ ನಿಂತ್ರೂ ಬಾಯಿ ಜಾರ್ಲಿಲ್ಲ."

"ನಾನು ಕಲಿಸಿದ್ದು," ಎಂದಳು ಅತ್ತೆ.

ಮಾವ ಏನೂ ಹೇಳದೆ ತನ್ನ ತಟ್ಟೆಯಿಂದ ಕುರಿಬಾಲದ ಕೊಬ್ಬಿನ ಒಂದು ತುಂಡು ಕೊಯ್ದು ಎಲ್ಲರೆದುರು ಸೊಸೆಯ ಬಾಯಿಗೆ ಕೊಟ್ಟ. ಅದು ಚಿಕ್ಕ ಮನ್ನಣೆಯಲ್ಲ. ಬುರುಲ್ ನುಂಗಿದಳು. ಹೊಸ ಕಾಲದವನು ಹೊಗಳಿದ್ದೂ ಮಾರಾಮವನ್ನೇ, ಹಳೆ ಕಾಲದವರು ಹೊಗಳಿದ್ದೂ ಅದನ್ನೇ. ಆ ಮಾತು ನಿನಗೆ ಬೇಕಿತ್ತೇನಮ್ಮ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನಿಯತ್ತಿನಿಂದ ಮಾಡಿದ ಕೆಲಸವಾದರೂ ಆಗಿದ್ದರೆ ಹೊಗಳಿಕೆ ಅವಳದಾಗುತ್ತಿತ್ತು. ಅವಳು ಮಾಡಿರಲಿಲ್ಲ, ಅವಳ ನಾಲಿಗೆ ಅವಳನ್ನು ಕೇಳದೆ ಮಾಡಿತ್ತು. ಕಾಯಿಸಿದ ಹಾಲಿಗೆ ಕೆನೆ ಕಟ್ಟಿದಂತೆ ಸಿಟ್ಟು ಅವಳೊಳಗೆ ಅಂದು ಕಟ್ಟಿತು.

ದನಿ ಕೂಡಿಸಲು ಕೊನೆಯ ದೃಶ್ಯವೊಂದು ಬಾಕಿಯಿತ್ತು. ಅದರಲ್ಲಿ ಎಂಜಿನಿಯರ್ ತೊಟ್ಟಿಲಿನಷ್ಟೇ ಅಗಲದ ಹಳೆಯ ಮಂಚದಲ್ಲಿ ಕಾಲು ಮಡಚಿ ಮಲಗಿ ಕೇಳುತ್ತಾನೆ: "ಚಿಕ್ಕವನಿದ್ದಾಗ ನಾನು ನಿನ್ನನ್ನ ಏನಂತ ಕರೀತಿದ್ದೆ?" ಕುರಿಮರಿ ಒಂದು ಗಳಿಗೆ ಸುಮ್ಮನಿದ್ದು ತನ್ನ ಹೆಸರು ಹೇಳುತ್ತದೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

"ಇಲ್ಲಿ ಇದನ್ನೇ ಅಂತೀನಿ," ಎಂದಳು ಬುರುಲ್, ಹಾಳೆಯಲ್ಲಿ ಹೊಡೆದುಹಾಕಿದ್ದ ಕೊಜು ಎಂಬುದರ ಮೇಲೆ ಬೆರಳಿಟ್ಟು.

ತಿಲೆಕ್ ನಕ್ಕ. "ಅಕ್ಕ, ಊರಿಗೆ ಊರೇ ಮಾರಾಮ ಅಂತಿದೆ."

"ಊರಿಗೆ ಗೊತ್ತಿಲ್ಲ. ನಿನಗೂ ಗೊತ್ತಿರ್ಲಿಲ್ಲ, ಅದಕ್ಕೇ ಹೇಳ್ತೀನಿ ಕೇಳು. ನನ್ನ ಮಾವನ ಹೆಸರಲ್ಲಿ ಈ ಮಾತು ಕೂತಿದೆ. ಸೊಸೆ ಬಾಯಿಗೆ ತರೋ ಹಾಗಿಲ್ಲ."

ತಿಲೆಕ್ ದಡ್ಡನಲ್ಲ. ನಗು ಇಳಿಯಿತು. ಅವನ ಅಜ್ಜಿಯೂ ಯಾರದೋ ಹೆಸರಿಗಾಗಿ ಬೆಂಕಿಗೆ ಬೆಂಕಿ ಎನ್ನದೆ ಬದುಕಿದವಳೇ ಇರಬೇಕು. ತಲೆ ಕೆರೆದುಕೊಂಡು, "ಆದ್ರೂ ಅಕ್ಕ, ಎಲ್ಲಿಂದ ಬಂದ್ರೇನು, ಮಾತು ಚೆನ್ನಾಗಿದೆ. ಇನ್ನೂ ಆಳ ಬಂತು ಅದಕ್ಕೆ" ಎಂದ.

"ಆಳಾನಾ? ಬಾವಿಗೆ ಬಿದ್ದವಳಿಗೆ ಆಳ ಎಷ್ಟು ಅಂತ ನೀನು ಹೇಳ್ಬೇಡ. ಆ ಎಂಜಿನಿಯರ್ ತನ್ನ ಬಾಲ್ಯ ತಾನೇ ಎಲ್ಲೋ ಮರೆತಿಟ್ಟು ಬಂದ. ಅವನಿಗೆ ಹುಡುಕಿ ಕೊಡೋಕೆ ಒಂದು ಸಿನಿಮಾ, ಒಂದು ಬಟ್ಟೆ ಬೊಂಬೆ. ನಾನು ಮರೆತಿಲ್ಲ. ನನ್ನ ಬಾಯಿಂದ ತೆಗೆದಿಟ್ರು. ಅದನ್ನ ಹೇಳೋದು ಬೇಡ್ವಾ?"

"ಸರಿ, ಹೇಳಿ ನೋಡಿ," ಎಂದ ತಿಲೆಕ್.

ಹೇಳಲು ಹೋದರೆ ಬರಲಿಲ್ಲ. ಬಾಯಿ ತೆರೆದರೆ ತುಟಿ ತಾನಾಗಿ ಮುಚ್ಚಿಕೊಂಡು 'ಮಾ'ಕ್ಕೆ ಅಣಿಯಾಗುತ್ತಿತ್ತು. ಮತ್ತೆ ಪ್ರಯತ್ನಿಸಿದಳು, ಕೆಮ್ಮು ಬಂತು. ಬರೀ ಒಂದು ಕುರಿಮರಿ. ಕಿರ್ಗಿಜರ ಯಾವ ಕೂಸಾದರೂ ಆಡುವ ಮಾತು. ಕಡೆಗೆ ಕಿವಿಗೆ ಹಾಕಿದ್ದ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಒಗೆದಳು, ಮೈಕಿನಿಂದ ದೂರ ಸರಿದು ಗೋಡೆಗೆ ಬೆನ್ನು ಕೊಟ್ಟಳು, ಇಳಿಜಾರಿನ ಆಚೆಗೆ ಕೇಳಿಸಬೇಕಾದವಳಂತೆ ಎದೆ ತುಂಬ ಉಸಿರೆಳೆದು ಕೂಗಿದಳು: "ಕೊಜು, ಕೊಜು, ಕೊಜು."

ಸ್ಪಂಜಿನ ಗೋಡೆಗಳು ಕೂಗನ್ನು ಅರ್ಧ ನುಂಗಿದವು. ಉಳಿದರ್ಧ ಸಾಕಾಯಿತು. ಅವಳು ಒಂದು ಕ್ಷಣ ಬಾಗಿಲ ಕಡೆ ನೋಡಿದಳು, ಏನೋ ಪುಟಿದುಕೊಂಡು ಒಳಗೆ ಬರಬಹುದೆಂಬಂತೆ. ಆಮೇಲೆ ಮೈಕಿನ ಮುಂದೆ ಬಂದು, ಬಟ್ಟೆಯ ಕುರಿಮರಿಯ ಸಣ್ಣ ದನಿಯಲ್ಲಿ ಒಂದೇ ಸಲಕ್ಕೆ ಸರಿಯಾಗಿ ಹೇಳಿ ಮುಗಿಸಿದಳು.

ಅಂದು ಸಂಜೆ ಗಂಡನಿಗೆ ತಿಳಿಸಿದಳು. ಎಸೆನ್ ವ್ಯಾನು ತೊಳೆಯುತ್ತಿದ್ದ.

"ಮೊದಲ ಪ್ರದರ್ಶನಕ್ಕೆ ಅಪ್ಪನ್ನ ಕರ್ಕೊಂಡು ಹೋಗ್ತೀನಿ ಅಂತ ಹೇಳಿಬಿಟ್ಟಿದ್ದೀನಿ," ಎಂದ. "ಅಷ್ಟು ಜನರ ಮುಂದೆ ನಿನ್ನ ಬಾಯಲ್ಲಿ ಆ ಮಾತು ಬಂದ್ರೆ ಅವರಿಗೆ ಹೇಗಾಗ್ಬೇಕು?"

"ಇಷ್ಟು ವರ್ಷ ಬಾರದೆ ನನಗೆ ಹೇಗಾಯ್ತು ಅಂತ ಕೇಳಿದ್ರಾ ನೀವು?"

"ಒಂದು ಮಾತಿಗೆ ಇಷ್ಟೊಂದಾ, ಬುರುಲ್?"

"ಒಂದೇ ಮಾತು ತಾನೆ. ಹಾಗಾದ್ರೆ ಬಿಟ್ಟುಕೊಡಿ."

ಎಸೆನ್ ಚಕ್ರಕ್ಕೆ ನೀರು ಹುಯ್ದ. ಕಿಟಕಿಯ ಹತ್ತಿರ ಕುಳಿತಿದ್ದ ತಂದೆಯ ಕಡೆ ಒಮ್ಮೆ ನೋಡಿದ.

ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ. ಚಿತ್ರಮಂದಿರದ ತುಂಬ ಮಕ್ಕಳು, ಬಲೂನು, ಸೂರ್ಯಕಾಂತಿ ಬೀಜದ ಸಿಪ್ಪೆ. ಮಾವ ಹಬ್ಬಕ್ಕೆ ಮಾತ್ರ ತೆಗೆಯುವ ಬಿಳಿ ಉಣ್ಣೆಯ ಎತ್ತರದ ಟೋಪಿ ಹಾಕಿಕೊಂಡು ಬಂದಿದ್ದ. ಒಳಗೆ ಹೋಗುವ ಮುನ್ನ ತಿಲೆಕ್ ಬುರುಲಳನ್ನು ಪಕ್ಕಕ್ಕೆ ಕರೆದ. ಅವನ ಮುಖ ನೋಡಿದೊಡನೆ ಅವಳಿಗೆ ಅರ್ಥವಾಯಿತು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಕೊನೇ ಮಾತಿಗೆ ಹಳೇ ಮುದ್ರಣದ್ದನ್ನೇ ಕತ್ತರಿಸಿ ಅಂಟಿಸಿದ್ದೀವಿ. ಚಿತ್ರದ ಉದ್ದಕ್ಕೂ ಮಾರಾಮ, ಕೊನೇಲಿ ಇನ್ನೊಂದು ಅಂದ್ರೆ ಮಕ್ಕಳಿಗೆ ಗಲಿಬಿಲಿ ಆಗುತ್ತೆ. ನಾನೊಬ್ಬನೇ ತೀರ್ಮಾನ ಮಾಡಿದ್ದಲ್ಲ."

"ನನ್ನ ದನೀನ ನನ್ನ ಮೇಲೇ ಅಂಟಿಸಿದ್ರಾ?"

"ದನಿ ನಿಮ್ದೇ ಅಲ್ವಾ ಅಕ್ಕ, ಎರಡೂ."

ಅವಳು ಅವನ ಮುಖವನ್ನು ಚೆನ್ನಾಗಿ ನೋಡಿ ಒಳಗೆ ಹೋದಳು. ಅತ್ತೆ, ಗಂಡ, ಈಗ ತಾಯಿಯಷ್ಟೇ ಎತ್ತರವಾಗಿದ್ದ ಮಗಳು, ಅವರಾದ ಮೇಲೆ ತಾನು, ಬಲಕ್ಕೆ ಮಾವ. ದೀಪ ಆರಿತು. ಕಪಾಟು ತೆರೆಯಿತು. "ನಾನು ಕಣೋ, ನಿನ್ನ ಮಾರಾಮ" ಎಂದು ಅವಳ ದನಿ ಬಂದಾಗ ಇಡೀ ಸಭಾಂಗಣ ಕೂಡಿ ಹೇಳಿತು. ಮಾವ ಸಂತೋಷದಿಂದ ತೊಡೆ ತಟ್ಟಿಕೊಂಡ. ಎಂಜಿನಿಯರ್ ಅಳತೆಪಟ್ಟಿ ನದಿಗೆ ಎಸೆದ, ಮರ ಹತ್ತಿದ, ಮಗಳೊಡನೆ ಕೆಸರಿನಲ್ಲಿ ಬಿದ್ದ. ಮಕ್ಕಳು ನಕ್ಕರು, ತಾಯಂದಿರು ಕಣ್ಣೊರೆಸಿಕೊಂಡರು. ಬುರುಲ್ ಕುರ್ಚಿಯ ಕೈ ಹಿಡಿದು ಕುಳಿತೇ ಇದ್ದಳು. ತನ್ನ ಬಾಯಿಂದಲೇ ತನ್ನನ್ನು ಮತ್ತೆ ಮತ್ತೆ ಮುಚ್ಚಿಸುತ್ತಿದ್ದ ಆ ಸದ್ದನ್ನು ಕೇಳುತ್ತಿದ್ದಳು.

ಕೊನೆಯ ದೃಶ್ಯ ಬಂತು. ಮಂಚ, ಮಡಚಿದ ಕಾಲು, ಎದೆಯ ಮೇಲೆ ಬಟ್ಟೆಯ ಕುರಿಮರಿ. "ಚಿಕ್ಕವನಿದ್ದಾಗ ನಾನು ನಿನ್ನನ್ನ ಏನಂತ ಕರೀತಿದ್ದೆ?" ಸಭಾಂಗಣ ಉಸಿರು ಹಿಡಿಯಿತು. ಕುರಿಮರಿ ಸುಮ್ಮನಿರುವ ಆ ಗಳಿಗೆ ಎಷ್ಟು ಉದ್ದ ಎಂಬುದು ಬುರುಲಳ ಶ್ವಾಸಕ್ಕೆ ಗೊತ್ತಿತ್ತು. ಅದರ ನಟ್ಟನಡುವೆ, ಕುಳಿತಲ್ಲಿಂದಲೇ, ಆ ಸಣ್ಣ ದನಿಯನ್ನು ಹಿಂದಿನ ಸಾಲಿನ ತನಕ ಮುಟ್ಟುವಂತೆ ಎತ್ತಿ ಅವಳು ಹೇಳಿದಳು:

"ಕೊಜು."

ಮಕ್ಕಳಿಗೆ ಅದು ಪರದೆಯಿಂದಲೇ ಬಂದಂತೆ ಕೇಳಿಸಿತು. ಒಂದು ಕೂಸು "ಕೊಜು ಅಂತೆ" ಎಂದು ಪಕ್ಕದ ಕೂಸಿಗೆ ತಿಳಿಸಿತು. ಅದರ ಹಿಂದೆಯೇ ಅಂಟಿಸಿದ 'ಮಾರಾಮ' ಬಂತು; ಯಾರೋ ಒಂದಿಬ್ಬರು ನಕ್ಕರು, ಹೆಸರುಗಳ ಪಟ್ಟಿ ಏರತೊಡಗಿತು. ಅತ್ತೆ ಸಾಲಿನ ಆ ತುದಿಯಿಂದ ಮುಂದಕ್ಕೆ ಬಾಗಿ ಸೊಸೆಯನ್ನು ನೋಡಿದಳು, ನೋಡಿ ಎದ್ದು ಹೊರಗೆ ನಡೆದಳು. ಎಸೆನ್ ತಾಯಿಯ ಹಿಂದೆ ಹೋದ. ಬೇಗಿಮಾಯ್ ಕದಲಲಿಲ್ಲ, ತಾಯಿಯ ಕಡೆ ತಿರುಗಿ ಅವಳ ಬಾಯನ್ನೇ ನೋಡುತ್ತಿದ್ದಳು.

ದೀಪ ಹತ್ತಿಕೊಂಡಾಗ ಮಾವ ಹಾಗೆಯೇ ಕುಳಿತಿದ್ದ. ಟೋಪಿ ತೊಡೆಯ ಮೇಲಿತ್ತು. ಬೈಗುಳಕ್ಕೆ ಬುರುಲ್ ತಯಾರಾಗಿದ್ದಳು. ಅದಕ್ಕೆ ಉತ್ತರವೂ ಅವಳ ಬಾಯಲ್ಲಿತ್ತು.

"ಯಾರೋ ನನ್ನ ಕರೆದ್ರು," ಎಂದ ಮುದುಕ.

ಅವಳು ಅವನ ಕಡೆ ತಿರುಗಿದಳು.

"ನಮ್ಮವ್ವ ಹಾಗೇ ಕರೀತಿದ್ದಳು. ಬೆಕ್ ಅನ್ನೋದೆಲ್ಲ ಗಂಡಸಾದ ಮೇಲೆ ಬಂದಿದ್ದು. ಅವಳಿಗೆ ನಾನು ಬರೀ ಕೊಜು. ಅವಳು ಹೋದ ಮೇಲೆ ಯಾರೂ ಕರೆದಿಲ್ಲ." ಪರದೆಯ ಮೇಲಿನ ಎಂಜಿನಿಯರನ ಮುಖಕ್ಕೆ ಕಡೆಗೆ ಬಂದಿದ್ದ ಕಳೆಯೇ ಈ ಸುಕ್ಕುಗಳ ನಡುವೆಯೂ ಇತ್ತು. "ಇನ್ನೊಂದ್ಸಲ ಅನ್ನು ಮಗಳೇ. ತಪ್ಪಿಲ್ಲ. ನಾನೇ ಅಪ್ಪಣೆ ಕೊಡ್ತಿದ್ದೀನಿ."

ಬುರುಲಳ ಕಣ್ಣು ತುಂಬಿತು, ಸಿಟ್ಟಿಗೆ. ಕಸಿದುಕೊಂಡಾಗಲೂ ಇವರದೇ ಅಪ್ಪಣೆ, ತಿರುಗಿ ಕೊಡುವಾಗಲೂ ಇವರದೇ ಅಪ್ಪಣೆ. ಕೊಡುವುದಾದರೂ ಯಾರಿಗೆ, ಮತ್ತೆ ತಮಗೇ.

"ನಿಮ್ಮನ್ನ ಕರೀಲಿಲ್ಲ, ಆತಾ," ಎಂದಳು. "ಕುರಿಮರೀನ ಕರೆದೆ."

"ಗೊತ್ತು, ಗೊತ್ತು. ಆದ್ರೂ ಒಂದ್ಸಲ."

"ನಿಮ್ಮ ಹೆಸರು ನಿಮ್ಮ ಹತ್ರಾನೇ ಇರ್ಲಿ. ಅದನ್ನ ನಾನು ಯಾವತ್ತೂ ಕೇಳಿಲ್ಲ, ಈಗ್ಲೂ ಬೇಡ. ಕುರಿಮರಿ ನಿಮ್ದಾಗಿರ್ಲಿಲ್ಲ. ನೀವು ಹುಟ್ಟೋಕೂ ಮುಂಚೆ ಅದಕ್ಕೆ ಆ ಹೆಸರಿತ್ತು."

ಮುದುಕ ಟೋಪಿ ತಲೆಗೇರಿಸಿಕೊಂಡು ಏಳಲು ಪ್ರಯತ್ನಿಸಿದ. ಕಾಲು ಜೋಮು ಹಿಡಿದಿತ್ತು. ಬುರುಲ್ ಅವನ ಊರುಗೋಲು ಎತ್ತಿ ಕೊಟ್ಟಳು, ತೋಳಿಗೆ ಕೈ ಕೊಟ್ಟಳು. ಬೇಗಿಮಾಯ್ ಸೇರಿ ಮೂವರೂ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದರು. ಹೊರಬಾಗಿಲ ಬಳಿ ವ್ಯಾನಿನೊಳಗೆ ಅತ್ತೆ ಆ ಕಡೆಗೆ ಮುಖ ತಿರುಗಿಸಿ ಕುಳಿತಿದ್ದಳು. ಬುರುಲ್ ಮಾವನನ್ನು ಹತ್ತಿಸಿ, ತಾನು ಹತ್ತದೆ ಬಾಗಿಲು ಎಳೆದು, ಮಗಳ ಕೈ ಹಿಡಿದು ಬಸ್ಸಿನ ನಿಲ್ದಾಣದ ಕಡೆಗೆ ನಡೆದಳು.